ನಾಸಾಭೇದ ಪ್ರಕರಣ: ಹೊಲಿದ ತುಟಿಯ ಮೇಲಿನ ಸೊಟ್ಟ ಮೂಗಿನ ಶಾಸ್ತ್ರ

ಶಾಸ್ತ್ರ ಬರೆಯುವವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳಬೇಕೆಂಬುದು ಹಿಂದಿನವರ ಕಟ್ಟಳೆ. ವಿಷಯ ಯಾವುದು? ಓದುವ ಅಧಿಕಾರ ಯಾರಿಗೆ? ಎರಡಕ್ಕೂ ಸಂಬಂಧವೇನು? ಓದಿದರೆ ಪ್ರಯೋಜನವೇನು?

ವಿಷಯ, ಮೂಗು. ಎಲ್ಲ ಮೂಗೂ ಅಲ್ಲ. ಸೀಳುತುಟಿಯೊಂದಿಗೆ ಹುಟ್ಟಿದ ಕೂಸಿನ ತುಟಿಯನ್ನು ವೈದ್ಯರು ಹೊಲಿದು ಕೂಡಿಸಿದ ಮೇಲೂ ಒಂದು ಕಡೆ ಕುಸಿದು, ಹೊಳ್ಳೆ ಅಗಲವಾಗಿ, ತುದಿ ವಾಲಿ ಉಳಿಯುವ ಮೂಗು. ಅಧಿಕಾರ, ಹೊಳೆದಂಡೆಯ ಮುಕ್ಕುಂದದಿಂದ ಹಿಡಿದು ಸಿಂಧನೂರು, ಮಸ್ಕಿ, ಲಿಂಗಸುಗೂರಿನವರೆಗೆ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಮೂಗು ನೋಡುವ ಎಲ್ಲರಿಗೂ. ಈ ಅರ್ಹತೆ ಇಲ್ಲದವರನ್ನು ಹುಡುಕುವುದೇ ಕಷ್ಟ. ಸಂಬಂಧ ಏನೆಂದರೆ, ಹುಟ್ಟುವ ಸುಮಾರು 700 ಕೂಸುಗಳಲ್ಲಿ ಒಂದಕ್ಕೆ ತುಟಿಯೋ ಅಂಗುಳವೋ ಎರಡೂವೋ ಸೀಳಿರುತ್ತದೆಂಬುದು ಲೋಕದ ಲೆಕ್ಕ. ಹಾಗಾಗಿ ಯಾವ ದೊಡ್ಡ ಊರಿಗೂ ಇದು ಪರರ ಮನೆಯ ಸಂಗತಿಯಲ್ಲ. ಪ್ರಯೋಜನವನ್ನು ಕೊನೆಗೆ ಇಟ್ಟಿದ್ದೇನೆ. ಮೊದಲೇ ಹೇಳಿಬಿಟ್ಟರೆ ನಡುವಿನ ಶಾಸ್ತ್ರ ಓದುವವರು ಯಾರು?

ಪ್ರಮಾಣದ ಬಗ್ಗೆ ಒಂದು ಮಾತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಓದಲು ಸಿಕ್ಕಿತು. ಅಲ್ಲಿಯವರೆಗೆ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯನಾಗಿದ್ದವನು ಯಾರೆಂಬುದು ಖಾತ್ರಿಯಾಯಿತು. ಅಂದಿನಿಂದ ಈ ಸೀಮೆಯವರಿಗೆ ಯಾವ ವಿಷಯದಲ್ಲೂ ಪುರಾವೆ ಕೇಳುವ ಹಕ್ಕು ಬಂದಿದೆ ಎಂಬುದು ನನ್ನ ಎಣಿಕೆ. ಸೀಳುತುಟಿಗೆ ಗ್ರಹಣ ಕಾರಣ ಎಂಬ ವಿಷಯದಲ್ಲಿ ಮಾತ್ರ ಆ ಹಕ್ಕನ್ನು ಚಲಾಯಿಸಿದವರು ಕಡಿಮೆ.

ಕಾರಣವಾದಿಗಳು

ಸೀಳುತುಟಿಗೆ ಕಾರಣ ಹೇಳುವವರಲ್ಲಿ ಮೂರು ಪಂಗಡ. ಗ್ರಹಣವಾದಿಗಳ ಮತದಲ್ಲಿ, ಬಸುರಿ ಗ್ರಹಣದ ಹೊತ್ತಿನಲ್ಲಿ ಈಳಿಗೆ ಮುಟ್ಟಿದಳು, ಒಳಗಿನ ಕೂಸಿನ ತುಟಿ ಹರಿಯಿತು. ಕರ್ಮವಾದಿಗಳ ಮತದಲ್ಲಿ ಇದು ಹಿಂದಿನ ಜನ್ಮದ್ದು. ಯಾರ ಹಿಂದಿನ ಜನ್ಮ ಎಂದು ಕೇಳಿದರೆ ತಾಯಿಯದೇ ಎಂಬ ಉತ್ತರ ತಯಾರಿರುತ್ತದೆ. ಮೂರನೆಯವರು ವಂಶವಾದಿಗಳು: "ನಮ್ ಮನಿತನದಾಗ ಯಾರಿಗೂ ಇಲ್ಲವ್ವಾ, ಆಕಿ ತವರ್‌ಮನಿಯಿಂದ ಬಂದದ್ದು." ಮೂರು ದರ್ಶನಗಳಲ್ಲೂ ಆರೋಪಿ ಒಬ್ಬಳೇ ಎಂಬುದನ್ನು ತರ್ಕ ಬಲ್ಲವರು ಗಮನಿಸಬೇಕು.

ಸಿದ್ಧಾಂತ ಹೀಗಿದೆ. ಭ್ರೂಣದ ಮುಖ ಬೇರೆಬೇರೆ ದಿಕ್ಕಿನಿಂದ ಬೆಳೆದುಬಂದ ಚೂರುಗಳು ಕೂಡಿ ಆಗುವಂಥದ್ದು. ಮೇಲ್ದುಟಿಯ ಚೂರುಗಳು ಕೂಡುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಮುಟ್ಟು ನಿಂತು, ಅನುಮಾನ ಬಂದು, ಪರೀಕ್ಷೆಯಾಗಿ, ಅತ್ತೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಗ್ರಹಣದ ದಿನ ಬಸುರಿಯನ್ನು ಕೋಣೆಯೊಳಗೆ ಕೂರಿಸಿ, ಈಳಿಗೆ ಬಚ್ಚಿಟ್ಟು ಕಾಯುವ ಹೊತ್ತಿಗೆ ಒಳಗೆ ತುಟಿ ಕೂಡಿಯೋ ಕೂಡದೆಯೋ ತೀರ್ಮಾನವಾಗಿರುತ್ತದೆ. ವಂಶದ ಗುಣ ಒಂದಷ್ಟು ಇದೆ, ಅದು ಎರಡೂ ಮನೆತನದಿಂದ ಬರಬಹುದು. ಫೋಲಿಕ್ ಆಮ್ಲದ ಕೊರತೆ, ಬಸುರಿನಲ್ಲಿ ಹೊಗೆಸೊಪ್ಪು, ಮೂರ್ಛೆರೋಗದ ಕೆಲವು ಔಷಧಿಗಳನ್ನೂ ವೈದ್ಯರು ಸೇರಿಸುತ್ತಾರೆ. ಇಷ್ಟೆಲ್ಲ ಹೇಳಿದರೂ ಒಂದೊಂದು ಕೂಸಿನ ವಿಷಯದಲ್ಲಿ ಇದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಗ್ರಹಣವಾದಿಗಳು ಗೆಲ್ಲುವುದು ಅಲ್ಲೇ. ಅವರ ಬೆರಳು ಯಾವಾಗಲೂ ತಯಾರು.

ಪೂರ್ವಾಚಾರ್ಯರು

ವರ್ಗೀಕರಣದ ಚಟಕ್ಕೆ ನಮ್ಮಲ್ಲಿ ಮೂಲಪುರುಷ ಸುಶ್ರುತ. ಹರಿದ ಕಿವಿಯನ್ನು ಕೂಡಿಸುವುದಕ್ಕೇ ಹದಿನೈದು ಬಗೆ ಹೇಳಿ, ಒಂದೊಂದಕ್ಕೂ ಹೆಸರಿಟ್ಟ. ಕೊನೆಯದರ ಹೆಸರು ಕಾಕೌಷ್ಠಕ. ಮೊದಲ ಹತ್ತು ಸಾಧ್ಯ, ಉಳಿದ ಐದು ಅಸಾಧ್ಯ ಎಂದು ಗೆರೆಯನ್ನೂ ಎಳೆದ. ಕೈಲಾಗದ್ದನ್ನೂ ಹೆಸರಿಟ್ಟು ಪಟ್ಟಿಯಲ್ಲಿ ಬರೆಯುವ ಧೈರ್ಯ ಈಗಿನ ಆಸ್ಪತ್ರೆಗಳ ಬೋರ್ಡಿನಲ್ಲಿ ಕಾಣುವುದು ಅಪರೂಪ. ಮೂಗಿಗೆ ಆತ ಹೇಳಿದ ವಿಧಾನ ಇದು: ಮೂಗಿನ ಅಳತೆಗೆ ಒಂದು ಎಲೆ ಕತ್ತರಿಸು, ಆ ಎಲೆಯಷ್ಟು ಚರ್ಮವನ್ನು ಕೆನ್ನೆಯಿಂದ ಬುಡ ಕಡಿಯದೆ ಎಬ್ಬಿಸು, ಮೂಗಿನ ಜಾಗವನ್ನು ಕೆರೆದು ಅಲ್ಲಿ ಕೂರಿಸಿ ಹೊಲಿ, ಹೊಳ್ಳೆ ಮುಚ್ಚಿಹೋಗದಂತೆ ಎರಡು ಕೊಳವೆ ಇಡು. ತುಟಿಗೆ ಬಂದಾಗ ಒಂದೇ ಮಾತಿನಲ್ಲಿ ಮುಗಿಸಿದ: ಮೂಗಿನಂತೆಯೇ ಮಾಡು, ಕೊಳವೆ ಬೇಡ. ಮೂಗು ದೊಡ್ಡ ಕೆಲಸ, ತುಟಿ ಅದರ ಬಾಲ ಎಂಬುದು ಆಚಾರ್ಯನ ಅಭಿಪ್ರಾಯ. ಈಗ ನಾವು ಇದನ್ನು ತಿರುವುಮುರುವು ಮಾಡಿಕೊಂಡು ಕೂತಿದ್ದೇವೆ.

ಸೀಳುತುಟಿ ಹೊಲಿದ ಮೊದಲ ದಾಖಲೆ ಚೀನಾದ್ದು, ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯದು. ವೈದ್ಯ ಆ ಯುವಕನಿಗೆ ಹಾಕಿದ ಷರತ್ತು, ನೂರು ದಿನ ಗಂಜಿ ಕುಡಿ, ಮಾತಾಡಬೇಡ, ನಗಬೇಡ. ಅವನು ಪಾಲಿಸಿದ, ಮುಂದೆ ದೊಡ್ಡ ಅಧಿಕಾರಿಯೂ ಆದ. ಅವನ ಮೂಗು ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ. ತುಟಿ ಕೂಡಿದ ಮೇಲೆ ಮೂಗನ್ನು ಮರೆಯುವ ಪರಂಪರೆ ಅಷ್ಟು ಹಳೆಯದು.

ಇನ್ನು ಕನ್ನಡನಾಡು. ಮೂಗಿನ ಚರಿತ್ರೆಗೆ ನಮ್ಮ ಕೊಡುಗೆ ಬಹುಕಾಲ ಕೊಯ್ಯುವ ಕಡೆಯಿಂದಲೇ ಬಂತು. 17ನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಮೈಸೂರಿನ ದಂಡು ಮಧುರೆಯ ಸೀಮೆಗೆ ನುಗ್ಗಿ ಸಿಕ್ಕವರ ಮೂಗನ್ನು ಮೇಲ್ದುಟಿಯ ಸಮೇತ ಕೊಯ್ಯಿತೆಂದು ಜೆಸ್ಯೂಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಮೂಗು, ಮೇಲ್ದುಟಿ ಒಂದೇ ಅಂಗ ಎಂಬ ಅಂಗರಚನಾ ಜ್ಞಾನ ಆ ದಂಡಿಗೆ ಇತ್ತೆಂದು ಒಪ್ಪಬೇಕಾಗುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆಯ ಎತ್ತಿನ ಗಾಡಿಯವ ಕಾವಸ್‌ಜಿ ಟಿಪ್ಪುವಿನ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಆ ಗೆರೆಯಷ್ಟು ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಅದನ್ನು ಚಿತ್ರಸಹಿತ ಅಚ್ಚು ಹಾಕಿತು. ಅದನ್ನು ಆಧರಿಸಿ ಕಾರ್ಪ್ಯು ಎಂಬ ಸರ್ಜನ್ 1814ರಲ್ಲಿ ಅಲ್ಲಿ ಕತ್ತಿ ಹಿಡಿದ. ಯುರೋಪಿನ ಹೊಸ ಪ್ಲಾಸ್ಟಿಕ್ ಸರ್ಜರಿ ಕಣ್ಣುಬಿಟ್ಟದ್ದು ನಮ್ಮ ಸೀಮೆಯಲ್ಲಿ ಕೊಯ್ದ ಮೂಗೊಂದರಿಂದ.

ಆದರೆ ಇವರೆಲ್ಲ ಕಟ್ಟಿದ್ದು ಇಲ್ಲದ ಮೂಗನ್ನು. ಇರುವ ಮೂಗನ್ನು ನೆಟ್ಟಗೆ ಮಾಡುವುದು ಅದಕ್ಕಿಂತ ಫಜೀತಿಯ ಕೆಲಸ.

ಲಕ್ಷಣ

ಭಾರತದಲ್ಲಿ ಸೀಳುಗಳನ್ನು ಗುಂಪು ಮಾಡುವ ಪದ್ಧತಿಯನ್ನು 1975ರಲ್ಲಿ ನಾಗಪುರದ ಡಾ. ಸಿ. ಬಾಲಕೃಷ್ಣನ್ ಕೊಟ್ಟರು: ಒಂದನೆಯ ಗುಂಪು ತುಟಿ, ಎರಡನೆಯದು ಅಂಗುಳ, ಮೂರನೆಯದು ಎರಡೂ. ಮೂಗಿಗೆ ಬೇರೆ ಗುಂಪಿಲ್ಲ. ಈ ಪ್ರಕರಣ ಬರೆಯಲು ನನಗೆ ಸಿಕ್ಕ ಸಂದು ಅದೇ.

ಲಕ್ಷಣ ನೋಡಬೇಕಾದರೆ ಎದುರಿಗೆ ನಿಂತು ನೋಡಬಾರದು. ಕೂಸಿನ ಗದ್ದ ಮೇಲೆತ್ತಿ ಕೆಳಗಿನಿಂದ ನೋಡಬೇಕು. ವೈದ್ಯರು ಫೋಟೊ ತೆಗೆಯುವುದೂ ಹಾಗೆಯೇ. ನೆಟ್ಟಗಿನ ಕಡೆಯ ಹೊಳ್ಳೆ ನಿಂತಿರುತ್ತದೆ, ಸೀಳಿನ ಕಡೆಯದು ಮಲಗಿರುತ್ತದೆ. ಎರಡು ಹೊಳ್ಳೆಗಳ ನಡುವಿನ ಪುಟ್ಟ ಕಂಬಕ್ಕೆ ವೈದ್ಯರು ಕೊಲುಮೆಲ್ಲ ಎನ್ನುತ್ತಾರೆ. ಅದು ಸೀಳಿನ ಕಡೆ ಗಿಡ್ಡ, ಬುಡ ಒಳ್ಳೆಯ ಕಡೆಗೆ ಸರಿದಿರುತ್ತದೆ. ಹೊಳ್ಳೆಯ ಬುಡ ಹೊರಕ್ಕೂ ಹಿಂದಕ್ಕೂ ಕೆಳಕ್ಕೂ ಜಾರಿರುತ್ತದೆ. ತುದಿಗೆ ಆಕಾರ ಕೊಡುವ ಕಮಾನಿನಂಥ ಮೃದ್ವಸ್ಥಿ ಅಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಒಳಗಿನ ನಡುಗೋಡೆಯದು ಇನ್ನೊಂದು ತಕರಾರು: ಮುಂದಿನ ತುದಿ ಒಳ್ಳೆಯ ಹೊಳ್ಳೆಯೊಳಗೆ ಇಣುಕುತ್ತದೆ, ಹಿಂದಿನ ಉಬ್ಬು ಸೀಳಿನ ಕಡೆಯ ದಾರಿಗೆ ಅಡ್ಡ ನಿಲ್ಲುತ್ತದೆ. ಹೀಗಾಗಿ ಒಂದೇ ಗೋಡೆಯಿಂದ ಎರಡೂ ಕಡೆ ಉಸಿರು ಕಟ್ಟುತ್ತದೆ.

ಇದಕ್ಕೆಲ್ಲ ಮೂಲ ಎರಡು. ಬಾಯಿಯ ಸುತ್ತ ಉಂಗುರವಾಗಿ ಹಬ್ಬಬೇಕಾದ ಸ್ನಾಯು ಸೀಳಿನಲ್ಲಿ ತುಂಡಾಗಿ, ಒಂದು ತುದಿ ಕೊಲುಮೆಲ್ಲದ ಬುಡ ಹಿಡಿಯುತ್ತದೆ, ಇನ್ನೊಂದು ಹೊಳ್ಳೆಯ ಬುಡ ಹಿಡಿಯುತ್ತದೆ. ಕೂಸು ಅತ್ತಾಗ, ನಕ್ಕಾಗ, ಮೊಲೆ ಚೀಪಿದಾಗೆಲ್ಲ ಇಬ್ಬರೂ ಆಚೀಚೆ ಎಳೆಯುತ್ತಾರೆ. ಎರಡನೆಯದು, ಹೊಳ್ಳೆಯ ಬುಡದ ಕೆಳಗೆ ಇರಬೇಕಾದ ಎಲುಬೇ ಕಡಿಮೆ. ಸೀಳು ಎಡಗಡೆ, ಬಲಗಡೆ, ಎರಡೂ ಕಡೆ ಬರುವ ಪ್ರಮಾಣ 6:3:1 ಎಂದು ಪುಸ್ತಕಗಳು ಹೇಳುತ್ತವೆ. ಎಡಗಡೆಯೇ ಯಾಕೆ ಹೆಚ್ಚೆಂದು ಕೇಳಿದರೆ ಪುಸ್ತಕಗಳು ಕೆಮ್ಮುತ್ತವೆ.

ಕಾಲಭೇದ

ಮೂಗಿಗೆ ಯಾವಾಗ ಕೈ ಹಾಕಬೇಕು ಎಂಬಲ್ಲಿ ಮೂರು ಪಕ್ಷಗಳಿವೆ.

ಬಾಲ್ಯಪಕ್ಷದವರು ಮೂರರಿಂದ ಆರು ತಿಂಗಳಿಗೆ ತುಟಿ ಹೊಲಿಯುವಾಗಲೇ ಮೂಗನ್ನೂ ಎತ್ತಿ ಕಟ್ಟುತ್ತಾರೆ. ಕೂಸಿನ ಮೂಗು ಮುಟ್ಟಿದರೆ ಬೆಳವಣಿಗೆ ನಿಂತುಹೋಗುತ್ತದೆ ಎಂಬ ಹೆದರಿಕೆ ಹಿಂದೆ ಗಟ್ಟಿಯಾಗಿತ್ತು. ಆಸ್ಟ್ರೇಲಿಯದ ಪರ್ತ್‌ನ ಹೆರಾಲ್ಡ್ ಮೆಕೋಂಬ್ 1975ರಲ್ಲಿ, ಚರ್ಮವನ್ನು ಮೃದ್ವಸ್ಥಿಯಿಂದ ಬಿಡಿಸಿ, ಕುಸಿದ ಕಮಾನಿಗೆ ದಾರ ಹಾಕಿ ಹುಬ್ಬಿನ ನಡುವಿನ ಕಡೆಗೆ ಎಳೆದು ಕಟ್ಟುವ ಉಪಾಯ ಬರೆದರು. ಬರೆದು ಸುಮ್ಮನಾಗಲಿಲ್ಲ. ಆ ಮಕ್ಕಳನ್ನು 18 ವರ್ಷದವರೆಗೆ ಕಾದು ನೋಡಿ, ಬೆಳವಣಿಗೆಗೆ ಧಕ್ಕೆಯಿಲ್ಲ ಎಂದು 1996ರಲ್ಲಿ ಮತ್ತೆ ಬರೆದರು. ಹೆದರಿಕೆಗೆ ಇಷ್ಟು ನಿಧಾನವಾಗಿ ಉತ್ತರ ಕೊಟ್ಟವರು ಕಡಿಮೆ. ಇದೇ ಪಕ್ಷದ ಒಂದು ಶಾಖೆ, 1990ರ ದಶಕದಲ್ಲಿ ನ್ಯೂಯಾರ್ಕಿನ ಗ್ರೇಸನ್ ಬೆಳೆಸಿದ್ದು: ಶಸ್ತ್ರಕ್ಕೆ ಮೊದಲೇ, ಹುಟ್ಟಿದ ಕೆಲವು ವಾರದೊಳಗೆ, ಬಾಯಿಗೆ ಒಂದು ತಟ್ಟೆ, ಮೂಗಿಗೆ ಒಂದು ಕೊಕ್ಕೆ ಕೂರಿಸಿ ಮೃದ್ವಸ್ಥಿಯನ್ನು ಮೆಲ್ಲಗೆ ಎಬ್ಬಿಸುವುದು. ಉಪಾಯ ಚೊಕ್ಕ. ಆದರೆ ತಟ್ಟೆ ಸರಿಮಾಡಿಸಲು ವಾರವಾರ ದಂತವೈದ್ಯರ ಹತ್ತಿರ ಹೋಗಬೇಕು. ಭತ್ತದ ನಾಟಿಯ ಹೊತ್ತಿನಲ್ಲಿ ವಾರಕ್ಕೊಂದು ದಿನದ ಕೂಲಿ, ಬಸ್ಸಿನ ಚಾರ್ಜು ಬಿಟ್ಟು ಮುಕ್ಕುಂದದ ಬಾಣಂತಿ ಪಟ್ಟಣಕ್ಕೆ ಹೋಗುತ್ತಾಳೆಯೇ ಎಂಬ ಪ್ರಶ್ನೆಗೆ ನ್ಯೂಯಾರ್ಕಿನ ಗ್ರಂಥದಲ್ಲಿ ಅಧ್ಯಾಯವಿಲ್ಲ.

ಕೌಮಾರಪಕ್ಷದವರು ಶಾಲೆಗೆ ಹಾಕುವ ಮುಂಚೆ, ಐದಾರು ವರ್ಷಕ್ಕೆ, ಸಣ್ಣ ತಿದ್ದುಪಡಿ ಮಾಡುತ್ತಾರೆ. ಕಾರಣ ವೈದ್ಯಕೀಯದ್ದಕ್ಕಿಂತ ಹೆಚ್ಚಾಗಿ ಬೆಂಚಿನದು. ಒಂದನೆಯ ಇಯತ್ತೆಯ ಮಕ್ಕಳು ಹೆಸರಿಡುವುದರಲ್ಲಿ ಸುಶ್ರುತನಿಗೂ ಮೀರಿದವರು.

ಯೌವನಪಕ್ಷ ಕೊನೆಯದು, ದೊಡ್ಡದು. ಮುಖದ ಬೆಳವಣಿಗೆ ನಿಂತ ಮೇಲೆ, ಹುಡುಗಿಯರಿಗೆ ಹೆಚ್ಚುಕಡಿಮೆ 14ರಿಂದ 16, ಹುಡುಗರಿಗೆ 16ರಿಂದ 18ರ ಸುಮಾರಿಗೆ, ತುದಿ, ನಡುಗೋಡೆ, ಮೇಲಿನ ಎಲುಬು ಎಲ್ಲವನ್ನೂ ಒಟ್ಟಿಗೆ ತಿದ್ದುವುದು. ಮೊದಲೆರಡು ಪಕ್ಷದವರೂ ಕೊನೆಗೆ ಇಲ್ಲಿಗೇ ಬರುತ್ತಾರೆ. ಬಾಲ್ಯದಲ್ಲಿ ಮಾಡಿದ್ದರಿಂದ ಇಲ್ಲಿ ಕೆಲಸ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಉಪಾಯಭೇದ

ಚರ್ಮವಾದ, ಮೃದ್ವಸ್ಥಿವಾದ, ಅಸ್ಥಿವಾದ ಎಂದು ಉಪಾಯಗಳು ಮೂರು ಮತಗಳಾಗಿ ಒಡೆದಿವೆ.

ಚರ್ಮವಾದಿಗಳು ಹೊಳ್ಳೆಯ ಅಂಚಿನಲ್ಲಿ ಕೆಲಸ ಮಾಡುತ್ತಾರೆ. ಜಪಾನಿನ ತಾಜಿಮಾ 1977ರಲ್ಲಿ ಹೊಳ್ಳೆಯ ಮೇಲಂಚಿನಲ್ಲಿ ತಲೆಕೆಳಗಾದ ಇಂಗ್ಲಿಷ್ ಯು ಆಕಾರದ ಗಾಯ ಮಾಡಿ, ಜೋತುಬಿದ್ದ ಚರ್ಮವನ್ನು ಒಳಕ್ಕೆ ಮಡಚಿದ. ಡಿಬೆಲ್ 1982ರಲ್ಲಿ ಮಲಗಿದ ಹೊಳ್ಳೆಯನ್ನೇ ಇಡಿಯಾಗಿ ಒಳಮುಖವಾಗಿ ತಿರುಗಿಸಿ ನಿಲ್ಲಿಸಿದ. ಪಾಟರ್ 1954ರಲ್ಲಿ ಒಳಪದರ ಸಮೇತ ಮೃದ್ವಸ್ಥಿಯ ಹೊರತೋಳನ್ನು ತುದಿಯ ಕಡೆಗೆ ಜಾರಿಸಿದ. ಅವನನ್ನು ಚರ್ಮವಾದಿ ಎನ್ನಬೇಕೋ ಮೃದ್ವಸ್ಥಿವಾದಿ ಎನ್ನಬೇಕೋ ನನಗೆ ಬಗೆಹರಿಯದ್ದರಿಂದ ಉಭಯಭ್ರಷ್ಟ ಎಂಬ ಪ್ರತ್ಯೇಕ ವರ್ಗದಲ್ಲಿಟ್ಟಿದ್ದೇನೆ. ಅವನ ಉಪಾಯ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಮೃದ್ವಸ್ಥಿವಾದಿಗಳ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಈಗ ಹೆಚ್ಚು ನಡೆಯುವುದು ತೆರೆದ ಶಸ್ತ್ರಚಿಕಿತ್ಸೆ. 1973ರಲ್ಲಿ ಕೆನಡಾದ ಗುಡ್‌ಮನ್ ಅದಕ್ಕೆ ಮರುಜೀವ ಕೊಟ್ಟ ಮೇಲೆ ಎಲ್ಲೆಡೆ ಹಬ್ಬಿತು. ಕೊಲುಮೆಲ್ಲದ ಸೊಂಟದಲ್ಲಿ ಮೆಟ್ಟಿಲಿನಂಥ ಒಂದು ಸಣ್ಣ ಗಾಯ. ಅಲ್ಲಿಂದ ಎರಡೂ ಹೊಳ್ಳೆಯ ಒಳ ಅಂಚಿನಲ್ಲಿ ಕತ್ತರಿ ನಡೆಸಿ, ಮೂಗಿನ ತುದಿಯ ಚರ್ಮವನ್ನು ಮೇಲಕ್ಕೆ ಎಬ್ಬಿಸುತ್ತಾರೆ. ಆಗ ಎರಡು ಕಮಾನುಗಳೂ ಎದುರಿಗೆ ಕಾಣುತ್ತವೆ, ಒಂದು ಎದ್ದು ನಿಂತದ್ದು, ಇನ್ನೊಂದು ಬಿದ್ದದ್ದು. ನಡುಗೋಡೆಯನ್ನು ಬಿಡಿಸಿ ಮಧ್ಯಕ್ಕೆ ತಂದು ಕಟ್ಟುತ್ತಾರೆ. ಮುಂದೆಯೂ ಮೇಲೂ ಒಂದು ಸೆಂಟಿಮೀಟರಿನಷ್ಟು ಪಟ್ಟಿ ಉಳಿಸಿ, ನಡುವಿನಿಂದ ಒಂದು ಚೂರು ಮೃದ್ವಸ್ಥಿ ತೆಗೆಯುತ್ತಾರೆ. ಪಟ್ಟಿ ಉಳಿಸದೆ ತೆಗೆದರೆ ಮೂಗಿನ ಬೆನ್ನೇ ಕುಸಿಯುತ್ತದೆ. ತೆಗೆದ ಚೂರನ್ನು ಕೊಲುಮೆಲ್ಲದೊಳಗೆ ಊರುಗೋಲಾಗಿ ನಿಲ್ಲಿಸಿ, ಬಿದ್ದ ಕಮಾನನ್ನು ಎಳೆದು ಅದಕ್ಕೆ ಹೊಲಿಯುತ್ತಾರೆ. ಆ ಚೂರು ಸಾಲದಿದ್ದರೆ ಕಿವಿಯ ಬಟ್ಟಲಿನಿಂದ, ಅದೂ ಸಾಲದಿದ್ದರೆ ಪಕ್ಕೆಲುಬಿನಿಂದ. ಕಿವಿಯದು ಮೊದಲೇ ಬಾಗಿರುತ್ತದೆ, ಅಂಚಿಗೆ ಒಳ್ಳೆಯದು. ಪಕ್ಕೆಲುಬಿನದು ಗಟ್ಟಿ, ಆದರೆ ಕೆತ್ತಿದ ಮೇಲೆ ಬಾಗುವ ಚಾಳಿ ಇದೆ. ಎರಡೂ ಮಗ್ಗುಲಿನಿಂದ ಸಮನಾಗಿ ಕೆತ್ತಿ ತಿರುಳನ್ನು ಉಳಿಸಿಕೊಂಡರೆ ಬಾಗುವುದಿಲ್ಲ ಎಂದು ಗಿಬ್ಸನ್, ಡೇವಿಸ್ ಎಂಬಿಬ್ಬರು 1950ರ ದಶಕದಲ್ಲಿ ತೋರಿಸಿದರು.

ಅಸ್ಥಿವಾದಿಗಳು ಇಬ್ಬರನ್ನೂ ನೋಡಿ ನಗುತ್ತಾರೆ. ಹೊಲ ಮಟ್ಟ ಮಾಡದೆ ಬದುವಷ್ಟೇ ಏರಿಸಿದರೆ ಭತ್ತಕ್ಕೆ ನೀರು ನಿಲ್ಲದೆಂಬುದು ಈ ಸೀಮೆಯ ಎಡದಂಡೆ ಕಾಲುವೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳ್ಳೆಯ ಬುಡಕ್ಕೆ ಎಲುಬಿಲ್ಲದೆ ಮೇಲೆ ಎಷ್ಟು ಹೊಲಿದರೂ ಅದು ಜಾರುವುದು ಅದೇ ನ್ಯಾಯದಿಂದ. ಒಸಡಿನ ಸೀಳಿಗೆ ಸೊಂಟದ ಎಲುಬಿನ ತಿರುಳು ತುಂಬುವ ಕ್ರಮವನ್ನು 1972ರಲ್ಲಿ ಬಾಯ್ನ್, ಸ್ಯಾಂಡ್ಸ್ ಸ್ಥಿರಪಡಿಸಿದರು. ಅದಕ್ಕೆ ಕಾಲ 8ರಿಂದ 11 ವರ್ಷ, ಅಲ್ಲಿ ಕೋರೆಹಲ್ಲು ಇಳಿಯುವ ಮೊದಲು. ಮೇಲ್ದವಡೆಯೇ ಹಿಂದಕ್ಕೆ ಸರಿದಿದ್ದರೆ ಅದನ್ನು ಮುಂದಕ್ಕೆ ತಂದ ಮೇಲೆಯೇ ಮೂಗು. ನನ್ನ ಒಲವು ಇವರ ಕಡೆಗೆ.

ಎರಡೂ ಕಡೆ ಸಮನಾಗಿ ಸೀಳಿದ್ದರೆ ಸೊಟ್ಟತನ ಇರುವುದಿಲ್ಲ, ಗಿಡ್ಡತನ ಇರುತ್ತದೆ. ಕೊಲುಮೆಲ್ಲ ಇದೆಯೋ ಇಲ್ಲವೋ ಎಂಬಷ್ಟು ಮೋಟು, ತುದಿ ತುಟಿಗೆ ಅಂಟಿದಂತೆ. ಮಿಲ್ಲಾರ್ಡ್ 1958ರಲ್ಲಿ ತುಟಿಯಿಂದ ಕವಲಾದ ಎರಡು ಚರ್ಮದ ಪಟ್ಟಿ ಎಬ್ಬಿಸಿ ಕೊಲುಮೆಲ್ಲ ಉದ್ದ ಮಾಡಿದ. ಅದೇ ವರ್ಷ ಕ್ರೋನಿನ್ ಹೊಳ್ಳೆಯ ನೆಲದಿಂದ ಚರ್ಮ ತಂದ. ಕೊಲುಮೆಲ್ಲವನ್ನು ಹೊರಗಿಂದ ತರಬೇಕಿಲ್ಲ, ಅದು ಮೂಗಿನೊಳಗೇ ಹರಡಿ ಬಿದ್ದಿದೆ, ಮೃದ್ವಸ್ಥಿಗಳನ್ನು ಒಟ್ಟುಗೂಡಿಸಿದರೆ ತಾನೇ ಎದ್ದುಬರುತ್ತದೆ ಎಂದು ಮೆಕೋಂಬ್, ಬಾಸ್ಟನ್ನಿನ ಮಲಿಕನ್ ಮುಂತಾದವರು ಆಮೇಲೆ ವಾದಿಸಿದರು. ಈಗ ಗೆದ್ದಿರುವುದು ಅವರ ವಾದವೇ.

ಇಷ್ಟು ಜನ, ಇಷ್ಟು ಉಪಾಯ. ಒಂದು ರೋಗಕ್ಕೆ ನೂರು ಔಷಧಿ ಇದ್ದರೆ ಯಾವುದೂ ಪೂರ್ತಿ ನಾಟುವುದಿಲ್ಲ ಎಂದೇ ಲೆಕ್ಕ; ಅನುಭವಿ ಸರ್ಜನ್‌ಗಳೂ ಇದನ್ನು ಒಪ್ಪುತ್ತಾರೆ. ಎರಡು ಹೊಳ್ಳೆಯೂ ಅಚ್ಚು ಒತ್ತಿದಂತೆ ಸರಿಸಮ ಬರುವುದು ವಿರಳ. ಎಲ್ಲ ಮತದವರೂ ಜಗಳವಿಲ್ಲದೆ ಒಪ್ಪುವ ಒಂದೇ ವಸ್ತು ಇದೆ: ಶಸ್ತ್ರವಾದ ಮೇಲೆ ಹೊಳ್ಳೆಯಲ್ಲಿ ತಿಂಗಳುಗಟ್ಟಲೆ ಇಡುವ ಸಿಲಿಕೋನ್ ಕೊಳವೆ. ದಿನಾ ತೆಗೆದು ತೊಳೆದು ಮತ್ತೆ ಕೂರಿಸಿ ಕೆನ್ನೆಗೆ ಪಟ್ಟಿ ಅಂಟಿಸುವುದು ತಾಯಿಯ ಕೆಲಸ. ಕೂಸು ಕಿತ್ತೆಸೆದರೆ ಮಂಚದ ಕೆಳಗೆ ಹುಡುಕುವುದೂ ಅವಳದೇ. ಸುಶ್ರುತ ಹೇಳಿದ್ದ ಕೊಳವೆಯೇ ಅದು, ಈಗ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ಶೇಷ

ಉಳಿದದ್ದು ಪ್ರಯೋಜನ. ತುಟಿಗೆ ಈಗ ದಾರಿಗಳಿವೆ. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಆಸ್ಪತ್ರೆಗಳಿಗೆ ಖರ್ಚು ಕೊಟ್ಟು ಪುಕ್ಕಟೆ ಮಾಡಿಸುತ್ತದೆ. ಈ ಕಡೆಯವರಿಗೆ ರಾಯಚೂರು, ಬಳ್ಳಾರಿ, ಧಾರವಾಡದ ಎಸ್‌ಡಿಎಂ, ಹೈದರಾಬಾದ್ ಎಂದು ನಾಲ್ಕು ದಿಕ್ಕುಗಳಿವೆ. ಕೂಸಿನ ತುಟಿ ಕೂಡಿದ ದಿನ ಮನೆಯಲ್ಲಿ ಹಬ್ಬ. ಆಮೇಲೆ ಮರಳಿ ಬನ್ನಿ ಎಂದು ಕಾರ್ಡಿನಲ್ಲಿ ಬರೆದದ್ದನ್ನು ಓದುವವರು ಕಡಿಮೆ. "ತುಟಿ ಕೂಡ್ಯಾದಲ್ಲ, ಮೂಗಿಂದೇನ್ ಬಿಡ್ರಿ, ಚಂದಕ್ಕ ಯಾಕ ಆಪರೇಶನ್" ಎಂಬ ಮಾತಿನ ಜೊತೆಗೆ ಶಾಸ್ತ್ರ ಮುಗಿಯುತ್ತದೆ. ಹುಡುಗಿಯ ವಿಷಯದಲ್ಲಿ ಮಾತ್ರ, ಕನ್ಯೆ ನೋಡಲು ಬಂದವರು ಎದ್ದು ಹೋದ ಮೇಲೆ, ಅದೇ ಮನೆಯಲ್ಲಿ ಅದೇ ಪ್ರಶ್ನೆ ತಿರುವುಮುರುವಾಗಿ ಏಳುತ್ತದೆ.

ಚಂದಕ್ಕೆ ಎಂಬುದು ಅರ್ಧ ಸುಳ್ಳು. ರಾತ್ರಿಯೆಲ್ಲ ಬಾಯಿ ತೆರೆದು ಉಸಿರಾಡುವ ಹುಡುಗನ ನಡುಗೋಡೆ ಸೊಟ್ಟಾಗಿರುವುದು ಚಂದದ ಮಾತಲ್ಲ. ಉಳಿದರ್ಧ ನಿಜವೇ ಇರಲಿ. ಚಂದಕ್ಕೆ ಆಸೆಪಡುವ ಹಕ್ಕು ನತ್ತು ಇಟ್ಟುಕೊಂಡವರಿಗೆ ಮಾತ್ರ ಬರೆದುಕೊಟ್ಟಿದ್ದಲ್ಲ.

ಇಲ್ಲೊಂದು ಲೆಕ್ಕವಿದೆ, ಈ ಪ್ರಕರಣವೆಲ್ಲ ಅದಕ್ಕಾಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. ಅದರ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಇವೆ. ಅದು ನೋಡುವುದು 18 ವರ್ಷದವರೆಗಿನ ಮಕ್ಕಳನ್ನು. ಹುಡುಗನ ಮೂಗು ಕೊನೆಯ ಶಸ್ತ್ರಕ್ಕೆ ಹಣ್ಣಾಗುವುದು 16ರಿಂದ 18ಕ್ಕೆ. ಎರಡನ್ನೂ ಕೂಡಿಸಿದರೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಎರಡು ವರ್ಷ, ಅದೂ ಅವನು ಶಾಲೆ ಬಿಟ್ಟು ದುಡಿಯಲು ಹೋಗದಿದ್ದರೆ. ಒಸಡಿನ ಎಲುಬಿಗೆ 8ರಿಂದ 11 ಎಂಬುದೂ ಹಾಗೆಯೇ. ಕೋರೆಹಲ್ಲು ಯಾರಿಗೂ ಕಾಯುವುದಿಲ್ಲ.

ಆದ್ದರಿಂದ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ತುಟಿ ಹೊಲಿಸಿಕೊಂಡ ಹುಡುಗ ಹುಡುಗಿಯರಿದ್ದರೆ ಟ್ರಂಕಿನೊಳಗಿನ ಹಳೆಯ ಡಿಸ್ಚಾರ್ಜ್ ಕಾರ್ಡು ತೆಗೆಯಿರಿ, ವಯಸ್ಸು ಲೆಕ್ಕ ಹಾಕಿರಿ, ಶಾಲೆಗೆ ಬರುವ ತಂಡದವರಿಗೋ ಸಿಂಧನೂರಿನ ತಾಲೂಕು ಆಸ್ಪತ್ರೆಗೋ ತೋರಿಸಿ, ಮೂಗಿನ ಆಪರೇಶನ್ ಯಾವ ಯೋಜನೆಯಲ್ಲಿ, ಯಾವ ಊರಿನಲ್ಲಿ ಆಗುತ್ತದೆ ಎಂದು ಬಾಯಿಬಿಟ್ಟು ಕೇಳಿರಿ.